ಬಿಷಪರು ಪೋಪರ ನೌಕರರೇ?

2018ರ ಜುಲೈ 3. ರೋಮಿನಲ್ಲಿ ಮಧ್ಯಾಹ್ನ ಹನ್ನೆರಡು, ಮಂಗಳೂರಿನಲ್ಲಿ ಮೂರೂವರೆ. ವ್ಯಾಟಿಕನ್ನಿನ ಪತ್ರಿಕಾ ಕಚೇರಿ ದಿನವೂ ಆ ಹೊತ್ತಿಗೆ ಒಂದು ಪ್ರಕಟಣೆ ಹೊರಡಿಸುತ್ತದೆ. ಅದರ ‘ರಾಜೀನಾಮೆ ಮತ್ತು ನೇಮಕ’ ಎಂಬ ತಲೆಬರಹದಡಿ ಅಂದು ಮಂಗಳೂರಿನ ಹೆಸರಿತ್ತು. ಬಿಷಪ್ ಅಲೋಶಿಯಸ್ ಪೌಲ್ ಡಿಸೋಜ ಅವರ ರಾಜೀನಾಮೆಯನ್ನು ಪೋಪ್ ಫ್ರಾನ್ಸಿಸ್ ಅಂಗೀಕರಿಸಿದ್ದಾರೆ. ರೋಮಿನ ಉರ್ಬಾನಿಯಾನಾ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಕಲಿಸುತ್ತಿರುವ ಪೀಟರ್ ಪೌಲ್ ಸಲ್ಡಾನ್ಹ ಹೊಸ ಬಿಷಪ್. ಅಷ್ಟೇ. ಚುನಾವಣೆ ಇಲ್ಲ, ಸಭೆ ಇಲ್ಲ, ಠರಾವು ಇಲ್ಲ. ಲಕ್ಷಾಂತರ ಜನರ ಧರ್ಮಪ್ರಾಂತ್ಯಕ್ಕೆ ಹೊಸ ಹಿರಿಯರು ಬಂದದ್ದು ಎರಡು ವಾಕ್ಯದ ಸುದ್ದಿಯಲ್ಲಿ.

ಆ ಎರಡು ವಾಕ್ಯದ ಹಿಂದೆ ನಡೆಯುವುದನ್ನು ಹೊರಗಿನವರು ಕಾಣುವುದು ಅಪರೂಪ. ಬಿಷಪರಿಗೆ 75 ತುಂಬಿದಾಗ ರಾಜೀನಾಮೆ ಪತ್ರ ಕಳಿಸಬೇಕೆಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಅಂಗೀಕರಿಸುವುದು, ಬಿಡುವುದು ಪೋಪರಿಗೆ ಸೇರಿದ್ದು. ಸ್ಥಾನ ತೆರವಾಗುವ ಸೂಚನೆ ಸಿಕ್ಕಿದ ಕೂಡಲೇ ದೆಹಲಿಯ ಚಾಣಕ್ಯಪುರಿಯಲ್ಲಿರುವ ಪೋಪರ ರಾಯಭಾರ ಕಚೇರಿ ಸದ್ದಿಲ್ಲದೆ ಕೆಲಸ ಶುರುಮಾಡುತ್ತದೆ. ಆಯ್ದ ಪಾದ್ರಿಗಳಿಗೆ, ಒಂದಿಷ್ಟು ಗೃಹಸ್ಥರಿಗೆ ಪ್ರಶ್ನಾವಳಿ ಹೋಗುತ್ತದೆ. ಇಂಥವರ ಆರೋಗ್ಯ ಹೇಗಿದೆ, ಹಣದ ವ್ಯವಹಾರದಲ್ಲಿ ಶಿಸ್ತು ಉಂಟೇ, ನಡತೆ ಏನು, ಬೋಧನೆಯಲ್ಲಿ ಎಲ್ಲಾದರೂ ದಾರಿ ತಪ್ಪಿದ್ದಾರೆಯೇ. ಉತ್ತರ ಬರೆದವರು ತಮಗೆ ಆ ಪತ್ರ ಬಂದಿತ್ತೆಂದು ಕೂಡ ಯಾರಲ್ಲೂ ಬಾಯಿಬಿಡುವಂತಿಲ್ಲ. ಕೊನೆಗೆ ಮೂರು ಹೆಸರುಗಳ ಪಟ್ಟಿ, ಅವರ ಮಾತಿನಲ್ಲಿ ‘ತೆರ್ನಾ’, ರೋಮಿಗೆ ಹೋಗುತ್ತದೆ. ಪೋಪರು ಮೂವರಲ್ಲಿ ಒಬ್ಬರನ್ನು ಆರಿಸಬಹುದು. ಮೂವರನ್ನೂ ಬದಿಗಿಟ್ಟು ಪಟ್ಟಿಯಲ್ಲೇ ಇಲ್ಲದವರನ್ನು ಆರಿಸಿದರೂ ಕೇಳುವವರಿಲ್ಲ.

ಇದನ್ನು ನೋಡಿದವರಿಗೆ ಪೋಪರು ಮುಖ್ಯಮಂತ್ರಿಯಂತೆ, ಬಿಷಪರು ಅವರು ನೇಮಿಸಿ, ವರ್ಗಾಯಿಸುವ ಜಿಲ್ಲಾಧಿಕಾರಿಗಳಂತೆ ಕಂಡರೆ ತಪ್ಪಿಲ್ಲ. ಕ್ಯಾಥೊಲಿಕರಲ್ಲೇ ಹೆಚ್ಚಿನವರು ಹಾಗೆ ತಿಳಿದಿದ್ದಾರೆ. ಆದರೆ ಧರ್ಮಸಭೆಯ ಅಧಿಕೃತ ಬೋಧನೆ ಇದನ್ನು ಸಾರಾಸಗಟಾಗಿ ತಳ್ಳಿಹಾಕುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಒಪ್ಪಿದ ‘ಲೂಮೆನ್ ಜೆನ್ಸಿಯುಂ’ ಎಂಬ ಶಾಸನದ 27ನೇ ಪರಿಚ್ಛೇದ ಹೇಳುವುದು ಇದು: ಬಿಷಪರನ್ನು ಪೋಪರ ಪ್ರತಿನಿಧಿಗಳೆಂದು ಎಣಿಸಕೂಡದು, ಅವರು ಕ್ರಿಸ್ತನ ಪ್ರತಿನಿಧಿಗಳು, ಅವರ ಅಧಿಕಾರ ಯಾರೋ ಎರವಲು ಕೊಟ್ಟದ್ದಲ್ಲ, ಅವರದೇ. ಕ್ರಿಸ್ತನ ಶಿಷ್ಯರಾದ ಪ್ರೇಷಿತರ ಉತ್ತರಾಧಿಕಾರಿಗಳು ಅವರು. ಪೇತ್ರನ ಉತ್ತರಾಧಿಕಾರಿ ಪೋಪರು ಅವರ ನಡುವೆ ಮೊದಲಿಗರು, ಅವರ ಕೂಟದ ತಲೆ.

ಇಷ್ಟಕ್ಕೇ ನಿಂತಿದ್ದರೆ ಸರಳವಾಗಿತ್ತು. ಆದರೆ 1983ರ ಧರ್ಮಸಭಾ ಕಾನೂನಿನ ಕಲಂ 331 ತೆರೆದರೆ ಪೋಪರ ಅಧಿಕಾರ ಪರಮ, ಪೂರ್ಣ, ನೇರ, ಸಾರ್ವತ್ರಿಕ. ಅದನ್ನು ಅವರು ಯಾವಾಗಲೂ ಸ್ವತಂತ್ರವಾಗಿ ಚಲಾಯಿಸಬಹುದು. ಕಲಂ 1404ರ ಪ್ರಕಾರ ಅವರನ್ನು ವಿಚಾರಣೆಗೆ ಒಳಪಡಿಸುವ ನ್ಯಾಯಾಲಯ ಭೂಮಿಯ ಮೇಲಿಲ್ಲ. ಅಂದರೆ ಮಂಗಳೂರಿನ ಒಬ್ಬ ಕ್ಯಾಥೊಲಿಕನ ಮೇಲೆ ಮಂಗಳೂರಿನ ಬಿಷಪರಿಗೂ ನೇರ ಅಧಿಕಾರ, ರೋಮಿನ ಬಿಷಪರಿಗೂ ನೇರ ಅಧಿಕಾರ. ಒಬ್ಬರ ಅಧಿಕಾರ ಇನ್ನೊಬ್ಬರದ್ದನ್ನು ಕುಗ್ಗಿಸುವುದಿಲ್ಲ, ಗಟ್ಟಿಗೊಳಿಸುತ್ತದೆ ಎಂಬುದು ದೇವಶಾಸ್ತ್ರಜ್ಞರ ಸಮಾಧಾನ. ಇತಿಹಾಸ ಆ ಸಮಾಧಾನವನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಪೋಪರ ಅಧಿಕಾರ ಎಂದಾಕ್ಷಣ ಎಲ್ಲರೂ ವಿಶ್ವಾಸ, ನೀತಿಗಳನ್ನು ಅಂತಿಮವಾಗಿ ಬೋಧಿಸುವಾಗ ಅವರು ತಪ್ಪುವುದಿಲ್ಲವೆಂಬ 1870ರ ಘೋಷಣೆಯನ್ನು ಎತ್ತುತ್ತಾರೆ. ಆ ವಿಶೇಷಾಧಿಕಾರವನ್ನು ಪೋಪರು ಅಂದಿನಿಂದ ಇಂದಿನವರೆಗೆ ವಿಧ್ಯುಕ್ತವಾಗಿ ಬಳಸಿದ್ದು ಒಂದೇ ಸಲ: 1950ರ ನವೆಂಬರ್ 1ರಂದು, ಮರಿಯಮ್ಮನವರ ಸ್ವರ್ಗಾರೋಹಣವನ್ನು ವಿಶ್ವಾಸಸತ್ಯವೆಂದು ಸಾರಿದಾಗ. ಅದಕ್ಕೂ ಮೊದಲು ಪೋಪ್ ಹನ್ನೆರಡನೇ ಪಿಯುಸ್ ಲೋಕದ ಬಿಷಪರಿಗೆಲ್ಲ ಪತ್ರ ಬರೆದು ಅಭಿಪ್ರಾಯ ಕೇಳಿದ್ದರು. ಬಿಷಪರ ಮೇಲೆ ರೋಮಿನ ನಿಜವಾದ ಹಿಡಿತ ಇರುವುದು ಅಲ್ಲಲ್ಲ. ಆ ಮಧ್ಯಾಹ್ನದ ಪ್ರಕಟಣೆಯಲ್ಲಿ. ಯಾರು ಬಿಷಪ್ ಆಗಬೇಕು, ಎಲ್ಲಿಗೆ ಹೋಗಬೇಕು, ಯಾವಾಗ ಇಳಿಯಬೇಕು ಎಂದು ನಿರ್ಧರಿಸುವ ಅಧಿಕಾರದಲ್ಲಿ. ಮತ್ತು ಆ ಅಧಿಕಾರ ನಾವು ಊಹಿಸುವಷ್ಟು ಹಳೆಯದಲ್ಲ.

ಆರಂಭದ ಶತಮಾನಗಳಲ್ಲಿ ಊರಿನ ಪಾದ್ರಿಗಳೂ ಜನರೂ ಸೇರಿ ಬಿಷಪರನ್ನು ಆರಿಸುತ್ತಿದ್ದರು. ನೆರೆಯ ಬಿಷಪರು ಬಂದು ತಲೆಯ ಮೇಲೆ ಕೈಯಿಟ್ಟು ಅಭಿಷೇಕ ಮಾಡುತ್ತಿದ್ದರು. ರೋಮಿನ ಮಾತಿಗೆ ತೂಕವಿತ್ತು, ಆದರೆ ಎದುರಾಡಲು ಬಾರದ ಮಾತೇನೂ ಆಗಿರಲಿಲ್ಲ. ಕ್ರಿ.ಶ. 256ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಎಂಬತ್ತಕ್ಕೂ ಹೆಚ್ಚು ಬಿಷಪರ ಸಭೆ ಕರೆದು, ಪಾಷಂಡಿಗಳಿಂದ ದೀಕ್ಷಾಸ್ನಾನ ಪಡೆದವರ ವಿಚಾರದಲ್ಲಿ ರೋಮಿನ ಬಿಷಪ್ ಸ್ತೆಫಾನರ ನಿಲುವನ್ನು ಖಂಡತುಂಡವಾಗಿ ವಿರೋಧಿಸಿದರು. ಮುಂದೆ ಊರ್ಜಿತವಾದದ್ದು ರೋಮಿನ ನಿಲುವೇ. ಆದರೂ ಸಿಪ್ರಿಯನ್ ಸಂತರಾದರು. ರೋಮಿನ ಬಲಿಪೂಜೆಯ ಪ್ರಾಚೀನ ಪ್ರಾರ್ಥನೆಯಲ್ಲಿ ಅವರ ಹೆಸರನ್ನು ಇಂದಿಗೂ ನೆನೆಯುತ್ತಾರೆ.

ಜನರ ಕೈಯಿಂದ ಆಯ್ಕೆ ಜಾರಿದ್ದು ಪೋಪರ ಕೈಗಲ್ಲ, ರಾಜರ ಕೈಗೆ. ಬಿಷಪರೆಂದರೆ ಭೂಮಿ, ಕಂದಾಯ, ಸೈನ್ಯ. ಅಂಥ ಸ್ಥಾನವನ್ನು ಯಾವ ಅರಸ ಬಿಟ್ಟುಕೊಟ್ಟಾನು? ಪೋಪ್ ಏಳನೇ ಗ್ರೆಗರಿ ಈ ವಿಚಾರಕ್ಕೆ ಜರ್ಮನಿಯ ಅರಸ ನಾಲ್ಕನೇ ಹೆನ್ರಿಯನ್ನು ಬಹಿಷ್ಕರಿಸಿ, 1077ರ ಜನವರಿಯಲ್ಲಿ ಕನೋಸಾ ಕೋಟೆಯ ಬಾಗಿಲಲ್ಲಿ ಹಿಮದ ನಡುವೆ ಕಾಯಿಸಿದ ಕಥೆ ಶಾಲೆಯ ಪಠ್ಯದಲ್ಲೂ ಇದೆ. ಕಥೆ ರೋಚಕವೇ. ಫಲ ಮಾತ್ರ ಅರೆಬರೆ. ಮುಂದಿನ ಏಳು ಶತಮಾನ ಯುರೋಪಿನ ಹೆಚ್ಚಿನ ಬಿಷಪರು ಅರಸರು ಇಲ್ಲವೇ ಪ್ರಧಾನಾಲಯದ ಪಾದ್ರಿಮಂಡಲಿಗಳು ಆರಿಸಿದವರೇ.

ಎಷ್ಟರ ಮಟ್ಟಿಗೆ ಎಂಬುದಕ್ಕೆ ಇತಿಹಾಸಕಾರರು ಹಾಕಿಟ್ಟ ಒಂದು ಲೆಕ್ಕವಿದೆ. 1829ರಲ್ಲಿ ಪೋಪ್ ಹನ್ನೆರಡನೇ ಲಿಯೋ ತೀರಿಕೊಂಡಾಗ ಲ್ಯಾಟಿನ್ ಧರ್ಮಸಭೆಯಲ್ಲಿ ಧರ್ಮಪ್ರಾಂತ್ಯವನ್ನು ಆಳುವ ಬಿಷಪರು 646 ಮಂದಿ. ಅವರಲ್ಲಿ 555 ಮಂದಿಯನ್ನು ನೇಮಿಸಿದ್ದು ಸರ್ಕಾರಗಳು. 67 ಮಂದಿಯನ್ನು ಆರಿಸಿದ್ದು ಸ್ಥಳೀಯ ಪಾದ್ರಿಮಂಡಲಿಗಳು. ತಾವೇ ಅರಸರಾಗಿ ಆಳುತ್ತಿದ್ದ ರಾಜ್ಯದ ಹೊರಗೆ ಪೋಪರು ಪೋಪರಾಗಿ ನೇಮಿಸಿದ್ದು ಬರೀ 24 ಮಂದಿಯನ್ನು. ಎರಡು ಶತಮಾನ ಕೂಡ ಆಗಿಲ್ಲ ಇದಾಗಿ.

ಇದು ತಿರುಗುಮುರುಗಾದ ಬಗೆ ಇನ್ನೂ ಸೋಜಿಗದ್ದು. ಪೋಪರ ಕೈ ಬಲಪಡಿಸಿದವರಲ್ಲಿ ಮೊದಲಿಗ ನೆಪೋಲಿಯನ್. 1801ರ ಒಪ್ಪಂದದಲ್ಲಿ ಅವನಿಗೆ ಬೇಕಿದ್ದದ್ದು ಫ್ರಾನ್ಸಿಗೆ ಹೊಸ ಬಿಷಪರ ಸಾಲು. ಹಳಬರು ಜಾಗ ಬಿಡಬೇಕಲ್ಲ? ಏಳನೇ ಪಿಯುಸ್ ಅಷ್ಟೂ ಮಂದಿಗೆ ರಾಜೀನಾಮೆ ಕೊಡುವಂತೆ ಬರೆದರು; ಕೊಡದವರ ಅಧಿಕಾರ ರದ್ದಾಯಿತು. ಒಂದು ದೇಶದ ಬಿಷಪರನ್ನೆಲ್ಲ ಒಂದೇ ಏಟಿಗೆ ಇಳಿಸುವ ಅಧಿಕಾರ ತನಗಿದೆ ಎಂದು ಅಲ್ಲಿಯವರೆಗೆ ಯಾವ ಪೋಪರೂ ತೋರಿಸಿರಲಿಲ್ಲ. ಎರಡನೆಯ ಉಪಕಾರ ಮಾಡಿದ್ದು ಫ್ರಾನ್ಸಿನ ಜಾತ್ಯತೀತವಾದಿಗಳು. 1905ರಲ್ಲಿ ಅವರು ರಾಜ್ಯವನ್ನೂ ಧರ್ಮವನ್ನೂ ಬೇರ್ಪಡಿಸಿದರು. ಇನ್ನು ಬಿಷಪರನ್ನು ಸೂಚಿಸುವ ಗೊಡವೆ ಸರ್ಕಾರಕ್ಕಿಲ್ಲ ಎಂದಾದಾಗ, ಮರುವರ್ಷದ ಫೆಬ್ರವರಿಯಲ್ಲಿ ಹತ್ತನೇ ಪಿಯುಸ್ ತಾವೇ ಆರಿಸಿದ 14 ಮಂದಿ ಫ್ರೆಂಚ್ ಬಿಷಪರಿಗೆ ರೋಮಿನಲ್ಲೇ ಅಭಿಷೇಕ ಮಾಡಿದರು. ಸಿಂಹಾಸನಗಳು ಒಂದೊಂದಾಗಿ ಉರುಳಿದಂತೆ ಆಯ್ಕೆಯ ಹಕ್ಕುಗಳೂ ಒಂದೊಂದಾಗಿ ರೋಮಿಗೆ ಬಂದವು. ಪೋಪರು ಬಿಷಪರನ್ನು ಸ್ವತಂತ್ರವಾಗಿ ನೇಮಿಸುತ್ತಾರೆ ಎಂಬುದು ಎಲ್ಲೆಡೆಗೂ ಅನ್ವಯಿಸುವ ಕಾನೂನಾದದ್ದು 1917ರಲ್ಲಿ. (ಅಪವಾದಗಳು ಈಗಲೂ ಉಂಟು. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್‌ನಲ್ಲಿ ಪಾದ್ರಿಮಂಡಲಿಯೇ ಬಿಷಪರನ್ನು ಆರಿಸುತ್ತದೆ. ಸ್ಟ್ರಾಸ್‌ಬರ್ಗ್ ಮತ್ತು ಮೆಟ್ಸ್ ಬಿಷಪರ ನೇಮಕದ ಕಾಗದಕ್ಕೆ ನೆಪೋಲಿಯನ್ ಕಾಲದ ಒಪ್ಪಂದದಂತೆ ಫ್ರಾನ್ಸಿನ ಅಧ್ಯಕ್ಷರು ಇಂದಿಗೂ ಸಹಿ ಹಾಕುತ್ತಾರೆ.)

ನಮ್ಮ ಕರಾವಳಿಯ ಕ್ಯಾಥೊಲಿಕರು ಈ ಜಗ್ಗಾಟದ ಬಿಸಿಯನ್ನು ಇನ್ನೂರೈವತ್ತು ವರ್ಷ ಉಂಡವರು. ಪೂರ್ವ ದೇಶಗಳಲ್ಲಿ ಚರ್ಚು ಕಟ್ಟಿಸುವ, ಪಾದ್ರಿಗಳನ್ನು ಕಳಿಸುವ ಹೊಣೆ ಪೋರ್ಚುಗಲ್ಲಿನ ಅರಸರದ್ದು, ಅದಕ್ಕೆ ಬದಲಾಗಿ ಬಿಷಪರನ್ನು ಸೂಚಿಸುವ ಹಕ್ಕೂ ಅವರದ್ದು ಎಂದು ಪೋಪರೇ ಬರೆದುಕೊಟ್ಟಿದ್ದರು. ಅದಕ್ಕೆ ಪದ್ರುವಾದೊ ಎಂದು ಹೆಸರು. ಹದಿನೇಳನೇ ಶತಮಾನದ ಹೊತ್ತಿಗೆ ರೋಮಿಗೆ ಕೊಟ್ಟದ್ದು ಜಾಸ್ತಿಯಾಯಿತು ಎನ್ನಿಸಿತು. 1622ರಲ್ಲಿ ‘ಪ್ರೊಪಗಾಂಡ ಫೀದೆ’ ಎಂಬ ಇಲಾಖೆ ಸ್ಥಾಪಿಸಿ, ಲಿಸ್ಬನ್ನಿನ ಅಪ್ಪಣೆಗೆ ಕಾಯದೆ ತನ್ನದೇ ಬಿಷಪರನ್ನು ಕಳಿಸತೊಡಗಿತು. ಅಂಥವರಲ್ಲಿ ಒಬ್ಬರು ಗೋವೆಯ ದಿವಾಡಿ ದ್ವೀಪದ ಬ್ರಾಹ್ಮಣ ಮೂಲದ ಮತ್ತೇವುಸ್ ದೆ ಕಾಸ್ತ್ರೊ. ಸ್ಥಳೀಯನೆಂಬ ಕಾರಣಕ್ಕೆ ಗೋವೆಯ ಆರ್ಚ್‌ಬಿಷಪ್ ಅವರಿಗೆ ಪಾದ್ರಿದೀಕ್ಷೆ ಕೊಡಲಿಲ್ಲ. ಅವರು ಭೂಮಾರ್ಗವಾಗಿ ರೋಮ್ ತಲುಪಿ, ಅಲ್ಲಿ ಓದಿ, ಪಾದ್ರಿಯಾಗಿ, 1637ರಲ್ಲಿ ಬಿಷಪರೂ ಆಗಿ, ವಿಜಯಪುರದ ಆದಿಲ್ ಶಾಹಿ ರಾಜ್ಯದ ಕ್ರೈಸ್ತರ ಹೊಣೆ ಹೊತ್ತು ಮರಳಿದರು. ಪೋರ್ಚುಗೀಸರು ಅವರನ್ನು ಬಿಷಪರೆಂದು ಮಾನ್ಯ ಮಾಡಲೇ ಇಲ್ಲ. ಲ್ಯಾಟಿನ್ ಧರ್ಮಸಭೆಯಲ್ಲಿ ಭಾರತೀಯನೊಬ್ಬ ಬಿಷಪ್ ಆದದ್ದು ಅದೇ ಮೊದಲು.

ಅವರ ಕುಟುಂಬದವರೇ ಆದ ಥೋಮಸ್ ದೆ ಕಾಸ್ತ್ರೊ ಇದೇ ಬಗೆಯಲ್ಲಿ ರೋಮಿನಿಂದ ನೇಮಕಗೊಂಡು ಮಂಗಳೂರಿಗೆ ಬಂದಾಗ ಕರಾವಳಿ ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯಲ್ಲಿತ್ತು. ಗೋವೆಯವರು ಈ ಬಿಷಪರನ್ನು ಒಪ್ಪಲಿಲ್ಲ. ಪಾದ್ರಿಗಳು ಎರಡು ಪಂಗಡವಾದರು, ಜನರೂ ಇಬ್ಭಾಗವಾದರು. ಯಾರು ಕೊಟ್ಟ ಸಂಸ್ಕಾರ ಊರ್ಜಿತ, ಯಾರು ಮಾಡಿಸಿದ ಮದುವೆ ಮದುವೆ? ಕೆನರಾದ ಒಕ್ಕಲು ಮನೆಗಳಿಗೆ ಇದು ದೇವಶಾಸ್ತ್ರದ ಚರ್ಚೆಯಾಗಿರಲಿಲ್ಲ. ಅಂಗಳಕ್ಕೇ ಬಂದ ಜಗಳವಾಗಿತ್ತು. ಇದರ ನಡುವೆ 1681ರಲ್ಲಿ ಗೋವೆಯ ಕಡೆಯಿಂದ ಬಂದ ತರುಣ ಪಾದ್ರಿ ಜೋಸೆಫ್ ವಾಜ್, ತಮ್ಮನ್ನು ಕಳಿಸಿದವರ ಹಟಕ್ಕೆ ಜೋತುಬೀಳದೆ, ಬಿಷಪರನ್ನು ಕಂಡು ಸಂಧಾನದ ದಾರಿ ಹಿಡಿದರು. ಮುಂದೆ ಅವರು ಸಿಲೋನಿಗೆ ಹೋದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು.

1886ರಲ್ಲಿ ಹದಿಮೂರನೇ ಲಿಯೋ ಪೋರ್ಚುಗಲ್ ಜೊತೆ ಒಪ್ಪಂದ ಮಾಡಿಕೊಂಡು ಭಾರತಕ್ಕೆ ಕ್ರಮಬದ್ಧ ಧರ್ಮಪ್ರಾಂತ್ಯಗಳನ್ನು ಕೊಟ್ಟರು. ಮಂಗಳೂರೂ ಆಗಲೇ ಧರ್ಮಪ್ರಾಂತ್ಯವಾಯಿತು. ಆದರೆ ಒಪ್ಪಂದದಲ್ಲಿ ಒಂದು ಕೊಂಡಿ ಉಳಿದಿತ್ತು: ಮುಂಬಯಿ, ಮಂಗಳೂರು, ಕೊಲ್ಲಂ, ತಿರುಚಿರಾಪಳ್ಳಿ, ಈ ನಾಲ್ಕು ಸ್ಥಾನಗಳಿಗೆ ಮೂವರ ಪಟ್ಟಿಯಿಂದ ಒಬ್ಬರನ್ನು ಸೂಚಿಸುವ ಹಕ್ಕು ಪೋರ್ಚುಗಲ್ ಅರಸರದ್ದು. ಬ್ರಿಟಿಷರ ಮಂಗಳೂರಿನ ಬಿಷಪರಿಗೆ ಲಿಸ್ಬನ್ನಿನ ಮುದ್ರೆ! 1910ರಲ್ಲಿ ಪೋರ್ಚುಗಲ್ಲಿನಲ್ಲಿ ಅರಸೊತ್ತಿಗೆ ಹೋಯಿತು, ಹಕ್ಕು ಹೋಗಲಿಲ್ಲ. ಭಾರತ ಸ್ವತಂತ್ರವಾಯಿತು, ಆಗಲೂ ಹೋಗಲಿಲ್ಲ. ಅದನ್ನು ಪೋರ್ಚುಗಲ್ ಬಿಟ್ಟುಕೊಟ್ಟದ್ದು 1950ರ ಜುಲೈಯಲ್ಲಿ. ಪೋಪರು ಯಾರ ಹಂಗೂ ಇಲ್ಲದೆ ಮಂಗಳೂರಿಗೆ ಬಿಷಪರನ್ನು ಆರಿಸುವ ಪದ್ಧತಿ ಕಾನೂನಿನ ಲೆಕ್ಕದಲ್ಲಿ ಭಾರತದ ಸಂವಿಧಾನಕ್ಕಿಂತ ಕೆಲವು ತಿಂಗಳು ಕಿರಿಯದು.

ಇನ್ನು ಸಿದ್ಧಾಂತದ ಜಗಳಕ್ಕೆ ಬರೋಣ. ಅದು ಪರಾಕಾಷ್ಠೆಗೆ ಹೋದದ್ದು 1870ರ ಬೇಸಿಗೆಯಲ್ಲಿ, ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ. ಒಂಬತ್ತನೇ ಪಿಯುಸ್ ಕರೆದ ಮೊದಲನೇ ವ್ಯಾಟಿಕನ್ ಮಹಾಸಭೆ ಹಿಂದಿನ ಡಿಸೆಂಬರಿನಿಂದಲೂ ನಡೆಯುತ್ತಿತ್ತು. ಪೋಪರ ಬೋಧನೆಗೆ ಬಿಷಪರ ಒಪ್ಪಿಗೆ ಬೇಕೋ ಬೇಡವೋ ಎಂಬುದೇ ಮುಖ್ಯ ತಕರಾರು. ಜೂನ್ 18ರಂದು ಬೊಲೊನ್ಯಾದ ಆರ್ಚ್‌ಬಿಷಪ್, ಡೊಮಿನಿಕನ್ ಸಭೆಯ ಕಾರ್ಡಿನಲ್ ಗುಯಿದಿ ಎದ್ದು ನಿಂತು, ಪೋಪರು ಒಂದು ಬೋಧನೆಯನ್ನು ಅಂತಿಮವಾಗಿ ಸಾರುವ ಮೊದಲು ಬಿಷಪರಿಂದ ಧರ್ಮಸಭೆಯ ಪರಂಪರೆ ಏನೆಂದು ಕೇಳಿ ತಿಳಿಯಬೇಕು ಎಂದರು. ಒಪ್ಪಿಗೆ ಬೇಕೆನ್ನುತ್ತಿದ್ದ ಅಲ್ಪಮತದ ಬಿಷಪರು ಅವರನ್ನು ಮುತ್ತಿ ಅಭಿನಂದಿಸಿದರು. ಅದೇ ದಿನ ಪೋಪರಿಂದ ಕರೆ ಬಂತು. ಪರಂಪರೆಯೇ? ನಾನೇ ಪರಂಪರೆ ಎಂದು ಪಿಯುಸ್ ಗುಡುಗಿದರೆಂದು ಸಮಕಾಲೀನರು ಬರೆದಿಟ್ಟಿದ್ದಾರೆ.

ಜುಲೈ 13ರ ಪ್ರಾಯೋಗಿಕ ಮತದಾನದಲ್ಲಿ 451 ಪರ, 88 ವಿರುದ್ಧ, 62 ತಿದ್ದುಪಡಿ ಬೇಕೆಂದವರು. ಎರಡು ದಿನ ಬಿಟ್ಟು ಅಲ್ಪಮತದ ನಿಯೋಗ ಪೋಪರ ಬಳಿ ಹೋಯಿತು. ಜರ್ಮನಿಯ ಮೈಂಜ್ ನಗರದ ಬಿಷಪ್ ಕೆಟ್ಟೆಲರ್ ಮಂಡಿಯೂರಿ, ಒಂದು ಮಾತು ಸಡಿಲಿಸಿ ಎಂದು ಬೇಡಿಕೊಂಡರು. ಸಡಿಲವಾಗುವುದಿರಲಿ, ಪೋಪರ ತೀರ್ಮಾನಗಳು ಸ್ವತಃ ಅಂತಿಮ, ಧರ್ಮಸಭೆಯ ಒಪ್ಪಿಗೆಯಿಂದಲ್ಲ ಎಂಬ ವಾಕ್ಯ ಹೊಸದಾಗಿ ಸೇರಿತು. ಪೋಪರ ಮುಖದೆದುರು ‘ಇಲ್ಲ’ ಎನ್ನಲು ಮನಸ್ಸಾಗದೆ ಐವತ್ತಕ್ಕೂ ಹೆಚ್ಚು ಬಿಷಪರು ಊರಿನ ರೈಲು ಹತ್ತಿದರು. ಜುಲೈ 18ರಂದು ಅಂತಿಮ ಮತ. ಹೊರಗೆ ಗುಡುಗು ಸಿಡಿಲಿನ ಮಳೆ; ಒಳಗೆ ಎಷ್ಟು ಕತ್ತಲೆಯೆಂದರೆ ಪೋಪರು ಓದಲು ಮೇಣದ ಬತ್ತಿ ತರಬೇಕಾಯಿತು. 533 ಪರ, 2 ವಿರುದ್ಧ. ವಿರೋಧಿಸಿದ ಇಬ್ಬರಲ್ಲಿ ಒಬ್ಬರು ಅಮೆರಿಕದ ಲಿಟಲ್ ರಾಕ್‌ನ ಬಿಷಪ್ ಫಿಟ್ಸ್‌ಜೆರಾಲ್ಡ್, ಇನ್ನೊಬ್ಬರು ಇಟಲಿಯ ಕಯಾತ್ಸೊದ ಬಿಷಪ್ ರಿಚ್ಚೊ. ಘೋಷಣೆ ಮುಗಿದದ್ದೇ ಇಬ್ಬರೂ ತಲೆಬಾಗಿದರು.

ಮಹಾಸಭೆಯ ಮೊದಲ ತಿಂಗಳುಗಳಲ್ಲಿ ರೋಮಿನಲ್ಲಿ ಕೂತು ಅಲ್ಪಮತದವರನ್ನು ಸಂಘಟಿಸುತ್ತಿದ್ದ ಇಂಗ್ಲಿಷ್ ಕ್ಯಾಥೊಲಿಕ್ ಇತಿಹಾಸಕಾರ ಲಾರ್ಡ್ ಆಕ್ಟನ್. ಅಧಿಕಾರ ಭ್ರಷ್ಟಗೊಳಿಸುತ್ತದೆ, ನಿರಂಕುಶಾಧಿಕಾರ ಸಂಪೂರ್ಣವಾಗಿ ಭ್ರಷ್ಟಗೊಳಿಸುತ್ತದೆ ಎಂದು ನಮ್ಮ ಸಂಪಾದಕೀಯಗಳು ರಾಜಕಾರಣಿಗಳ ಮೇಲೆ ಎಸೆಯುತ್ತಲೇ ಇರುವ ಮಾತು ಅವರದ್ದು. 1887ರ ಪತ್ರವೊಂದರಲ್ಲಿ ಅವರು ಅದನ್ನು ಬರೆದದ್ದು ಪೋಪರುಗಳ ಇತಿಹಾಸವನ್ನು ಹೇಗೆ ಬರೆಯಬೇಕು ಎಂಬ ಚರ್ಚೆಯಲ್ಲಿ.

ಮತದಾನದ ಮರುದಿನವೇ ಫ್ರಾನ್ಸ್ ಪ್ರಷ್ಯಾದ ಮೇಲೆ ಯುದ್ಧ ಸಾರಿತು. ರೋಮನ್ನು ಕಾಯುತ್ತಿದ್ದ ಫ್ರೆಂಚ್ ಪಡೆ ಹಿಂದಕ್ಕೆ ಹೋಯಿತು. ಸೆಪ್ಟೆಂಬರ್ 20ರಂದು ಇಟಲಿಯ ಸೈನ್ಯ ಪೋರ್ತಾ ಪೀಯಾದ ಬಳಿ ಗೋಡೆ ಒಡೆದು ಒಳಗೆ ಬಂತು. ಮಹಾಸಭೆ ಅರ್ಧಕ್ಕೇ ನಿಂತಿತು. ಪೋಪರ ಅಧ್ಯಾಯ ಮುಗಿದಿತ್ತು. ಬಿಷಪರ ಅಧ್ಯಾಯ ಚರ್ಚೆಗೇ ಬರಲಿಲ್ಲ. ಮುಂದಿನ ತೊಂಬತ್ತು ವರ್ಷ ಕ್ಯಾಥೊಲಿಕ್ ಧರ್ಮಸಭೆ ನಡೆದದ್ದು ಈ ಒಂದೇ ಅಧ್ಯಾಯದ ಮೇಲೆ.

ಈ ಅರೆಬರೆ ಸ್ಥಿತಿಯ ಲಾಭ ಪಡೆಯಲು ನೋಡಿದವನು ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್. ಬಿಷಪರು ಈಗ ಪೋಪರ ಕೈಯ ಆಯುಧಗಳು, ಜರ್ಮನ್ ಸರ್ಕಾರದ ಪಾಲಿಗೆ ಪರದೇಶಿ ಅರಸನ ನೌಕರರು ಎಂದು ಅವನ ಸುತ್ತೋಲೆ ಹೇಳಿತು. ಅದು 1874ರ ಕೊನೆಯಲ್ಲಿ ಬಹಿರಂಗವಾದಾಗ ಜರ್ಮನ್ ಬಿಷಪರು ಒಟ್ಟಾಗಿ ಉತ್ತರ ಕೊಟ್ಟರು. ಬಿಷಪರು ಪೋಪರ ನೌಕರರಲ್ಲ. ಪೋಪರಿಗೂ ಅಂಕೆಯಿಲ್ಲದ ಅಧಿಕಾರವಿಲ್ಲ, ಕ್ರಿಸ್ತನೇ ಸ್ಥಾಪಿಸಿದ ಬಿಷಪರ ಪದವಿಯನ್ನು ಅಳಿಸುವ ಶಕ್ತಿ ಅವರಿಗೂ ಇಲ್ಲ. ತಮಾಷೆಯೆಂದರೆ ಈ ಉತ್ತರವನ್ನು 1875ರ ಮಾರ್ಚ್‌ನಲ್ಲಿ ಬಾಯ್ತುಂಬ ಹೊಗಳಿ ಅನುಮೋದಿಸಿದವರು ಅದೇ ಒಂಬತ್ತನೇ ಪಿಯುಸ್.

ಉಳಿದ ಅಧ್ಯಾಯ ಬರೆಯಲು ಪೋಪ್ ಇಪ್ಪತ್ತಮೂರನೇ ಜಾನ್ 1962ರಲ್ಲಿ ಎರಡನೇ ಮಹಾಸಭೆ ಕೂಡಿಸಬೇಕಾಯಿತು. ಬಿಷಪರೆಲ್ಲ ಸೇರಿ ಒಂದು ಕೂಟ, ಆ ಕೂಟಕ್ಕೆ ಪೋಪರೊಂದಿಗೆ ಇಡೀ ಧರ್ಮಸಭೆಯ ಮೇಲೆ ಪರಮಾಧಿಕಾರ ಎಂಬ ತತ್ವ ರೂಪುಗೊಂಡಿತು. ಪ್ರೇಷಿತರು ಕೂಟವಾಗಿ ಮಾಡಿದ ಒಂದೇ ಕೆಲಸ ಯೇಸುವಿನ ಬಂಧನವಾದಾಗ ಗೆತ್ಸೆಮನೆ ತೋಟದಿಂದ ಒಟ್ಟಿಗೆ ಓಡಿಹೋದದ್ದು ಎಂದು ಹಳೆಯ ಪಂಥದ ಕಾರ್ಡಿನಲ್ ಒತ್ತಾವಿಯಾನಿ ಚುಚ್ಚಿದರೆಂದು ಹೇಳುವುದುಂಟು. ಕೊನೆಯ ಮತ 2,151ಕ್ಕೆ 5. ಆದರೆ ಅದಕ್ಕೆ ಕೆಲವೇ ದಿನ ಮೊದಲು, ಜಾನರ ನಂತರ ಪೋಪರಾದ ಆರನೇ ಪೌಲ್ ಒಂದು ವಿವರಣಾ ಟಿಪ್ಪಣಿ ಸೇರಿಸಿದರು: ಕೂಟ ಪೋಪರಿಲ್ಲದೆ ಏನೂ ಮಾಡಲಾಗದು, ಪೋಪರು ಕೂಟವಿಲ್ಲದೆ ಬೇಕಾದಾಗ ಬೇಕಾದ್ದು ಮಾಡಬಹುದು. ಸುಧಾರಣಾವಾದಿಗಳು ಆ ವಾರವನ್ನು ‘ಕಪ್ಪು ವಾರ’ ಎಂದರು. ಪೌಲ್ ಬಿಷಪರಿಗೆ ಸಿನೊಡ್ ಎಂಬ ವೇದಿಕೆಯನ್ನೂ ಕೊಟ್ಟರು, ಆದರೆ ಸಲಹೆಗೆ ಮಾತ್ರ. 1968ರಲ್ಲಿ ಗರ್ಭನಿರೋಧಕಗಳ ಪ್ರಶ್ನೆಯನ್ನು ಅವರು ಬಿಷಪರ ಮುಂದಿಡದೆ, ತಾವೇ ಬೆಳೆಸಿದ್ದ ಆಯೋಗದ ಬಹುಮತವನ್ನೂ ಬದಿಗಿಟ್ಟು, ಒಬ್ಬರೇ ತೀರ್ಮಾನಿಸಿದರು.

ಕೂಟದ ತತ್ವ ಪುಸ್ತಕದಲ್ಲಿ, ನೇಮಕದ ಅಧಿಕಾರ ಕೈಯಲ್ಲಿ. ಎರಡೂ ಎದುರಾದಾಗ ಏನಾಗುತ್ತದೆಂದು ಫ್ರಾನ್ಸಿನ ಎವ್ರೂ ನಗರದ ಬಿಷಪ್ ಜಾಕ್ ಗಯೊ ಅವರ ಕಥೆ ತೋರಿಸುತ್ತದೆ. ಪಾದ್ರಿಗಳ ಮದುವೆ, ಕಾಂಡೋಮ್ ಬಳಕೆ ಮುಂತಾದ ವಿಷಯಗಳಲ್ಲಿ ಅವರು ರೋಮಿಗೆ ಒಪ್ಪಿತವಾಗದ್ದನ್ನು ಬಹಿರಂಗವಾಗಿ ಆಡುತ್ತಿದ್ದರು. 1995ರ ಜನವರಿಯಲ್ಲಿ ಅವರನ್ನು ಸ್ಥಾನದಿಂದ ತೆಗೆದರು. ಬಿಷಪ್ ಪದವಿ ಮಾತ್ರ ತೆಗೆಯಲಾಗದು, ಅಭಿಷೇಕ ಅಳಿಸಲಾಗದು. ಹೀಗಾಗಿ ಪಾರ್ತೇನಿಯಾ ಎಂಬ ಕಡೆಗೆ ಬಿಷಪ್ ಎಂದು ಹೆಸರಿಸಿದರು. ಅದು ಅಲ್ಜೀರಿಯದಲ್ಲಿ ಶತಮಾನಗಳ ಹಿಂದೆಯೇ ಅಳಿದುಹೋದ, ಒಬ್ಬ ಕ್ರೈಸ್ತನೂ ಇಲ್ಲದ ಧರ್ಮಪ್ರಾಂತ್ಯ. ಗಯೊ ಕೈಕಟ್ಟಿ ಕೂರಲಿಲ್ಲ. ಇಂಟರ್‌ನೆಟ್ ಇನ್ನೂ ಎಳೆಗೂಸಾಗಿದ್ದ ದಿನಗಳಲ್ಲೇ ಪಾರ್ತೇನಿಯಾ ಹೆಸರಿನಲ್ಲಿ ಒಂದು ತಾಣ ತೆರೆದು, ಗಡಿಯಿಲ್ಲದ ಧರ್ಮಪ್ರಾಂತ್ಯಕ್ಕೆ ತಾನು ಬಿಷಪ್ ಎಂದರು.

ಗಯೊ ಪ್ರಗತಿಪರರು, 2023ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ತೆಗೆದುಹಾಕಿದ ಟೆಕ್ಸಸ್‌ನ ಟೈಲರ್ ಬಿಷಪ್ ಸ್ಟ್ರಿಕ್‌ಲ್ಯಾಂಡ್ ಕಟ್ಟಾ ಸಂಪ್ರದಾಯವಾದಿ. ಎರಡು ಪಕ್ಷದವರೂ ತಮ್ಮ ಬಿಷಪರನ್ನು ತೆಗೆದಾಗ ಬಿಷಪರ ಸ್ವಾತಂತ್ರ್ಯದ ಬಗ್ಗೆ, ಎದುರು ಪಕ್ಷದವರನ್ನು ತೆಗೆದಾಗ ಪೋಪರ ಪರಮಾಧಿಕಾರದ ಬಗ್ಗೆ ಭಾಷಣ ಮಾಡುತ್ತಾರೆ.

ಈ ಗೊಂದಲ ದುಬಾರಿಯಾಗಿ ಬಿದ್ದದ್ದು ಮಕ್ಕಳ ಮೇಲೆ ಪಾದ್ರಿಗಳು ನಡೆಸಿದ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ. ಅಮೆರಿಕದ ಕೆಂಟಕಿಯ ಸಂತ್ರಸ್ತರು ವ್ಯಾಟಿಕನ್ ಮೇಲೆಯೇ ಮೊಕದ್ದಮೆ ಹೂಡಿ, ಬಿಷಪರು ಅದರ ನೌಕರರು, ಅವರ ಲೋಪಕ್ಕೆ ಅದೇ ಹೊಣೆ ಎಂದರು. 2010ರಲ್ಲಿ ವ್ಯಾಟಿಕನ್ನಿನ ವಕೀಲರ ವಾದ: ಬಿಷಪರು ನಮ್ಮ ನೌಕರರಲ್ಲ. ಬಿಸ್ಮಾರ್ಕ್‌ಗೆ ಕೊಟ್ಟ ಉತ್ತರವೇ. ದೇವಶಾಸ್ತ್ರದ ಪ್ರಕಾರ ಅದು ಅಕ್ಷರಶಃ ಸರಿ. ಆದರೆ ನೇಮಿಸುವಾಗ, ತೆಗೆಯುವಾಗ ಒಡೆಯರಾಗಿದ್ದವರು ಪರಿಹಾರ ಕೊಡುವಾಗ ಬರೀ ಬಂಧುಗಳಾದರೆ ಸಂತ್ರಸ್ತರು ಅದನ್ನು ಏನೆಂದು ತಿಳಿಯಬೇಕು? ಅಧಿಕಾರ ಮೇಲಕ್ಕೆ ಏರುತ್ತದೆ, ಹೊಣೆ ಕೆಳಗೇ ಉಳಿಯುತ್ತದೆ ಎಂದಲ್ಲದೆ? ಬಿಷಪರ ಮೇಲಿನ ದೂರುಗಳನ್ನು ವಿಚಾರಿಸಲು ಲೋಕಕ್ಕೆಲ್ಲ ಅನ್ವಯಿಸುವ ವಿಧಿವಿಧಾನ ಬಂದದ್ದು 2019ರ ಮೇ ತಿಂಗಳಲ್ಲಿ. ತೀರ ತಡವಾಯಿತು.

ಪೋಪ್ ಫ್ರಾನ್ಸಿಸ್ ಬಂದ ಹೊಸತರಲ್ಲೇ ಅತಿಯಾದ ಕೇಂದ್ರೀಕರಣ ಒಳ್ಳೆಯದಲ್ಲ ಎಂದು ಬರೆದವರು. ಅವರ ಆಡಳಿತ ಆ ಮಾತಿಗೆ ಒಮ್ಮೆ ಹತ್ತಿರ, ಒಮ್ಮೆ ದೂರ. ಹಳೆಯ ಲ್ಯಾಟಿನ್ ಬಲಿಪೂಜೆಗೆ ಅನುಮತಿ ಕೊಡುವ ಬಿಡುವ ಅಧಿಕಾರವನ್ನು 2021ರ ಜುಲೈಯಲ್ಲಿ ಬಿಷಪರಿಗೆ ಒಪ್ಪಿಸಿದರು. ಒಂದೂವರೆ ವರ್ಷದಲ್ಲಿ, ಸಾಮಾನ್ಯ ಚರ್ಚುಗಳಲ್ಲಿ ಅದಕ್ಕೆ ಎಡೆಕೊಡಬೇಕಾದರೆ ರೋಮಿನ ಅಪ್ಪಣೆ ಬೇಕೆಂಬ ಆದೇಶ ಬಂತು. ವಿವಾಹಿತರಿಗೆ ಪಾದ್ರಿದೀಕ್ಷೆ ಕೊಡುವ ಪ್ರಸ್ತಾಪಕ್ಕೆ 2019ರ ಅಮೆಜಾನ್ ಸಿನೊಡ್ 128–41ರಲ್ಲಿ ಹೌದು ಎಂದಿತ್ತು. ಪೋಪರ ಅಂತಿಮ ಪತ್ರದಲ್ಲಿ ಆ ಬಗ್ಗೆ ಸೊಲ್ಲೇ ಇರಲಿಲ್ಲ. ಚೀನಾದೊಂದಿಗೆ 2018ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಬಿಷಪರ ಆಯ್ಕೆಯಲ್ಲಿ ಬೀಜಿಂಗಿಗೂ ಪಾಲು ಸಿಕ್ಕಿತು, ಒಪ್ಪಂದದ ಪಠ್ಯ ಇಂದಿಗೂ ಗುಟ್ಟು. ಹಾಗೆಂದು ಬಿಷಪರು ಬರೀ ತಲೆಯಾಡಿಸುವವರೂ ಅಲ್ಲ. 2023ರ ಡಿಸೆಂಬರ್‌ನಲ್ಲಿ ಸಲಿಂಗಿ ಜೋಡಿಗಳಿಗೆ ಸರಳ ಆಶೀರ್ವಾದ ನೀಡಬಹುದೆಂದು ರೋಮ್ ಹೇಳಿದಾಗ, ನಾಲ್ಕು ವಾರದೊಳಗೆ ಆಫ್ರಿಕಾದ ಬಿಷಪರು ಕಾರ್ಡಿನಲ್ ಅಂಬೊಂಗೊ ಮುಂದಾಳ್ತನದಲ್ಲಿ ನಮ್ಮಲ್ಲಿ ಇದು ನಡೆಯದು ಎಂದರು. ಪೋಪರು ಒಪ್ಪಿಕೊಂಡರು. ಆ ನಿಲುವು ನಮಗೆ ಹಿಡಿಸಲಿ ಬಿಡಲಿ, ಒಂದು ಖಂಡದ ಬಿಷಪರು ಹೀಗೆ ಹೆಚ್ಚುಕಡಿಮೆ ಒಗ್ಗಟ್ಟಾಗಿ ಬೇಡವೆಂದದ್ದನ್ನು ಈ ಕಾಲದವರು ಕಂಡಿರಲಿಲ್ಲ.

ಬೇರೆ ದಾರಿ ಇದೆಯೇ ಎಂದು ಕೇಳುವವರು ಮಂಗಳೂರಿನಿಂದ ಬೆಳ್ತಂಗಡಿಗೆ ಹೋದರೆ ಸಾಕು. ಅಲ್ಲಿ 1999ರಲ್ಲಿ ಸ್ಥಾಪನೆಯಾದ ಸಿರೋ-ಮಲಬಾರ್ ಧರ್ಮಪ್ರಾಂತ್ಯವಿದೆ. ಅದೂ ಕ್ಯಾಥೊಲಿಕ್, ಪೋಪರು ಅವರಿಗೂ ಪೋಪರೇ. ಆದರೆ ಪೂರ್ವದ ಕ್ಯಾಥೊಲಿಕ್ ಸಭೆಗಳ 1990ರ ಕಾನೂನಿನಂತೆ ಅಲ್ಲಿನ ಬಿಷಪರನ್ನು ಅವರದೇ ಬಿಷಪರ ಸಿನೊಡ್ ಗುಪ್ತಮತದಿಂದ ಆರಿಸುತ್ತದೆ. ರೋಮ್ ಕೊಡುವುದು ಸಮ್ಮತಿ. ಒಂದೇ ಜಿಲ್ಲೆ, ಒಂದೇ ವಿಶ್ವಾಸ, ಎರಡು ಪದ್ಧತಿ. ಇದರಿಂದ ಎಲ್ಲವೂ ಸುಸೂತ್ರ ಎಂದೇನಲ್ಲ. ಬಲಿಪೂಜೆಯಲ್ಲಿ ಪಾದ್ರಿ ಯಾವ ಕಡೆ ಮುಖ ಮಾಡಬೇಕೆಂಬ ಬಗ್ಗೆ ಇದೇ ಸಿನೊಡ್ 2021ರಲ್ಲಿ ಕೈಗೊಂಡ ತೀರ್ಮಾನಕ್ಕೆ ಎರ್ನಾಕುಲಂನ ಪಾದ್ರಿಗಳೂ ಜನರೂ ತಿರುಗಿಬಿದ್ದರು. ಕೊನೆಗೆ ಪೋಪರೇ ಪ್ರತಿನಿಧಿ ಕಳಿಸಬೇಕಾಯಿತು. ಚುನಾಯಿತ ಬಿಷಪರೂ ಜನರ ಮಾತು ಕೇಳದಿರಬಲ್ಲರು.

2025ರ ಮೇ 8ರಂದು ಆಯ್ಕೆಯಾದ ಹದಿನಾಲ್ಕನೇ ಲಿಯೋ ಈ ವಿಷಯವನ್ನು ಎರಡೂ ತುದಿಯಿಂದ ಬಲ್ಲವರು. ಪೆರುವಿನ ಚಿಕ್ಲಾಯೊದಲ್ಲಿ ಬಿಷಪ್ ಆಗಿದ್ದರು. ಆಮೇಲೆ ರೋಮಿನಲ್ಲಿ ಬಿಷಪರ ನೇಮಕದ ಇಲಾಖೆಗೇ ಮುಖ್ಯಸ್ಥರಾಗಿದ್ದರು. ಅವರ ಮೇಜಿನ ಮೇಲೆ 2024ರ ಅಕ್ಟೋಬರ್‌ನಲ್ಲಿ ಮುಗಿದ ಸಿನೊಡ್‌ನ ಅಂತಿಮ ದಾಖಲೆ ಇದೆ. ಬಿಷಪರ ಆಯ್ಕೆಯಲ್ಲಿ ದೇವಜನರಿಗೆ ಈಗಿರುವುದಕ್ಕಿಂತ ಹೆಚ್ಚಿನ ದನಿ ಇರಬೇಕೆಂದು ಅದು ಬಿಡಿಸಿ ಹೇಳಿದೆ. ಇದಕ್ಕೆ ಹೊಸ ಸಿದ್ಧಾಂತ ಬೇಕಿಲ್ಲ, ಮೂರನೇ ಮಹಾಸಭೆಯೂ ಬೇಕಿಲ್ಲ. ಪೋಪರು ಬಿಷಪರನ್ನು ತಾವೇ ನೇಮಿಸಬಹುದು, ಇಲ್ಲವೇ ಕ್ರಮವಾಗಿ ಚುನಾಯಿತರಾದವರನ್ನು ದೃಢೀಕರಿಸಬಹುದು ಎಂದು ಕಲಂ 377 ಈಗಾಗಲೇ ಎರಡೂ ಬಾಗಿಲು ತೆರೆದಿಟ್ಟಿದೆ. ಲ್ಯಾಟಿನ್ ಧರ್ಮಸಭೆ ಬಳಸುತ್ತಿರುವುದು ಹೆಚ್ಚುಕಡಿಮೆ ಮೊದಲನೆಯದನ್ನು ಮಾತ್ರ. ಎಲ್ಲರ ಮೇಲೆ ಇರಬೇಕಾದವನನ್ನು ಎಲ್ಲರೂ ಸೇರಿ ಆರಿಸಬೇಕು ಎಂದು ಐದನೇ ಶತಮಾನದಲ್ಲಿ ನಿಯಮ ಹೇಳಿದವರೂ ಒಬ್ಬ ಪೋಪರೇ. ಅವರ ಹೆಸರು ಮೊದಲನೇ ಲಿಯೋ.